ಒಂದು ಗೇಣು ದಪ್ಪ

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಸುಂಕಮ್ಮನಂಥ ಕಲ್ಲೆದೆಯ ತಾಯಿ ಸುತ್ತ ಹತ್ತೂರಲ್ಲಿಲ್ಲ ಎಂದು ಓಣಿಯೇ ಹೇಳುತ್ತದೆ. ಕುಡಿದು ಬಂದು ತನ್ನ ಮೇಲೆಯೇ ಕೈ ಮಾಡಿದ ಮಗ ತಿಪ್ಪೇಶ, ಮೂವತ್ತು ದಾಟಿದ ಗಂಡಸು, ಇನ್ನು ಹೊಸಿಲು ದಾಟಕೂಡದೆಂದು ಅವಳು ಜಟಿಂಗ ರಾಮೇಶ್ವರನ ಆಣೆ ಮಾಡಿದ್ದಾಳೆ. ಮಧ್ಯಾಹ್ನವಾದರೆ ಸಾಕು, ಪಕ್ಕದ ಮನೆಯ ಗೀತಮ್ಮನ ಕೈಲಿ ಹೊರಗಿನಿಂದ ಬೀಗ ಹಾಕಿಸಿಕೊಂಡು ಮಗ್ಗಕ್ಕೆ ಕೂರುತ್ತಾಳೆ. "ಒಳಗಿನ ಚಿಲಕ ಆದ್ರೆ ನನ್ ಕೈ ನನ್ ಮಾತು ಕೇಳಲ್ಲ ಗೀತಮ್ಮಾ" ಎನ್ನುತ್ತಾಳೆ. ಮಗ ಬಂದು "ಅವ್ವಾ, ಹಸಿವಾಗೈತೆ, ಬಾಗ್ಲು ತೆಗಿ" ಎಂದು ಕೂಗಿದಷ್ಟೂ ಒಳಗೆ ಮಗ್ಗದ ಏಟು ಜೋರಾಗುತ್ತದೆ; ಜಗಲಿಯ ನಾಯಿಯೂ ಎದ್ದು ಹೋಗುತ್ತದೆ. ಏಟಿನ ಬಿಗಿಗೆ ಎಳೆಗಳು ಒತ್ತೊತ್ತಾಗಿ, ಆ ಹೊತ್ತಿನಲ್ಲಿ ನೇಯ್ದ ಗೇಣುದ್ದ ಬಟ್ಟೆ ಗೋಣಿಯಷ್ಟು ದಪ್ಪ. ಸೀರೆ ಕೊಳ್ಳುವ ಶರೀಫ್ ಸಾಬರು ಅಲ್ಲಿ ಬೆರಳಾಡಿಸಿ, "ಇಲ್ಲಿ ಬಂದಿದ್ನೇನಮ್ಮಾ ನಿನ್ ಮಗ?" ಎಂದು ಗೊಣಗುತ್ತಾರೆ. ಈ ಸಲ ಹದಿನೈದು ದಿನ ನೇಯ್ದ ಸೀರೆ ಸೆರಗಿನವರೆಗೂ ಒಂದೇ ನಯ. "ಶಹಬ್ಬಾಸ್! ಎಲ್ಲೂ ದಪ್ಪ ಇಲ್ಲ ನೋಡಮ್ಮಾ" ಎಂದರು ಸಾಬರು. ಸುಂಕಮ್ಮ ಸೀರೆಯನ್ನು ತನ್ನ ಕಡೆಗೆಳೆದುಕೊಂಡು, ಎಲ್ಲಾದರೂ ಒಂದು ಗೇಣು ದಪ್ಪ ಸಿಕ್ಕೀತೇನೋ ಎಂದು ಬೆರಳಾಡಿಸುತ್ತಲೇ ಇದ್ದಳು.