ಐವತ್ತೆಂಟೂವರೆ

ನಮ್ಮ ಕನ್ನಡಕದ ಅಂಗಡಿಯಲ್ಲಿ ನನ್ನ ಅಕ್ಕನಿಗೆ ‘ಅರ್ಧ ಮಿಲಿ’ ಎಂದು ಹೆಸರು. ಇಟ್ಟವರು ಅಂಗಡಿಯ ಯಜಮಾನರು, ಊರೆಲ್ಲ ಹಬ್ಬಿಸಿದವಳು ನಾನು. ನನ್ನ ಬಾಯಲ್ಲಿ ಏನೂ ನಿಲ್ಲುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅಕ್ಕನ ಕೆಲಸ, ಮುಂದಿನ ಕೌಂಟರ್ ನನ್ನದು. ಗಿರಾಕಿಯ ಒಂದು ಕಣ್ಣಿನ ಪಾಪೆಯಿಂದ ಇನ್ನೊಂದು ಕಣ್ಣಿನ ಪಾಪೆಗೆ ಎಷ್ಟು ದೂರ ಎಂದು ಚಿಕ್ಕ ಸ್ಕೇಲು ಹಿಡಿದು ಅಳೆಯುವವಳೂ ಅವಳೇ. ಅರ್ಧ ಮಿಲಿಮೀಟರ್ ಆಚೀಚೆ ಆದರೂ ಸಿದ್ಧವಾದ ಕನ್ನಡಕವನ್ನು ಬಿಚ್ಚಿ ಮೊದಲಿನಿಂದ ಶುರು ಮಾಡುವಳು. ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು ಒಮ್ಮೆ ಅಳೆಯುತ್ತಾಳೆ. ಸ್ಕೇಲು ಇಳಿಸಿ ಮತ್ತೊಮ್ಮೆ ಅಳೆಯುತ್ತಾಳೆ. ಒಂದು ಸಲ ಅಳೆದದ್ದು ಅಂದಾಜು, ಎರಡು ಸಲ ಅಳೆದದ್ದು ಅಳತೆ ಎನ್ನುವುದು ಅವಳ ಶಾಸ್ತ್ರ.

ಅವಳು ಮುಖ ಮರೆತಾಳು, ಸಂಖ್ಯೆ ಮರೆಯಳು. ದಾರಿಯಲ್ಲಿ ಯಾರಾದರೂ ಮಾತಾಡಿಸಿ ಮುಂದೆ ಹೋದರೆ, ‘ಅರವತ್ತೊಂದು’ ಎಂದು ನನ್ನ ಕಿವಿಯಲ್ಲಿ ಪರಿಚಯ ಮಾಡಿಕೊಡುತ್ತಾಳೆ. ಅವಳ ಗಂಡ, ಅಂದರೆ ನನ್ನ ಭಾವ, ಅರವತ್ತೇಳು.

ಭಾವ ಲಿಫ್ಟ್ ರಿಪೇರಿ ಮಾಡುವವರು. ಹಗಲೆಲ್ಲ ಕತ್ತಲ ಬಾವಿಯಂಥ ಗೂಡುಗಳಲ್ಲಿ ಗ್ರೀಸು ಬಳಿದುಕೊಂಡು ಬಂದು, ಸಂಜೆ ಸೋಫಾದ ಎಡಮೂಲೆಗೆ ಬಿದ್ದು ಟೀವಿಯಲ್ಲಿ ಕಾರ್ ರೇಸಿನ ಆಟ ಆಡುವರು. ಅವರ ಮನೆಯ ಹಾಲ್ ನಾಲ್ಕು ಹೆಜ್ಜೆಯದು. ಅಷ್ಟರಲ್ಲೇ ಎಂಜಿನ್ನಿನ ಗದ್ದಲ, ಬ್ರೇಕಿನ ಕಿರುಚಾಟ, ಜತೆಗೆ ಭಾವನ ಹುಯ್ಲು. ಅಕ್ಕನೋ ದಿನವಿಡೀ ಗಾಜು ಉಜ್ಜುವ ಯಂತ್ರದ ಕೀರಲು ಕೇಳಿ ತಲೆ ಹಿಡಿದುಕೊಂಡು ಬಂದಿರುವಳು. ಒಂದು ಸಂಜೆ ನಾನೂ ಅಲ್ಲೇ ಇದ್ದೆ. ಅವಳು ಟೀವಿಗೆ ಅಡ್ಡ ನಿಂತು ಹೇಳಿಯೇಬಿಟ್ಟಳು.

“ಆ ಟೀವೀನ ನಿಮ್ಮ ಕಣ್ಣೊಳಗೇ ಇಟ್ಕೊಂಡ್ಬಿಡಿ. ನನಗೆ ಕಾಣೋದೂ ಬೇಡ, ಕೇಳೋದೂ ಬೇಡ.”

ಭಾವ ನಕ್ಕುಬಿಟ್ಟರು. ಆದರೆ ಮುಂದಿನ ಶನಿವಾರ ಅಂಗಡಿಗೆ ಬಂದರು. ಆ ವರ್ಷ ಯಜಮಾನರು ಪರದೆ ಕನ್ನಡಕಗಳ ಹೊಸ ಕಪಾಟು ಇರಿಸಿದ್ದರು. ನೋಡಲು ದಪ್ಪನೆಯ ಕಪ್ಪು ಕನ್ನಡಕ. ವೈರನ್ನು ಫೋನಿಗೋ ಆಟದ ಪೆಟ್ಟಿಗೆಗೋ ಚುಚ್ಚಿದರೆ ಕಣ್ಣೆದುರು ಗೋಡೆಯಗಲದ ಪರದೆ ತೇಲುತ್ತದೆ. ಹಾಕಿಕೊಂಡವರಿಗೆ ಮಾತ್ರ. ಐದು ಮಾದರಿಗಳಿದ್ದವು. ಒಂದು ಹಗುರ, ಇನ್ನೊಂದರಲ್ಲಿ ಚಿತ್ರ ದೊಡ್ಡದು, ಮತ್ತೊಂದಕ್ಕೆ ಹೊರಗಿನ ಬೆಳಕು ತಗ್ಗಿಸುವ ಗುಂಡಿ. ಭಾವ ಶನಿವಾರಕ್ಕೆ ಒಂದರಂತೆ ಹಾಕಿ ನೋಡಿದರು. ಮನೆ ಕೊಳ್ಳುವವರೂ ಇಷ್ಟು ತಕರಾರು ತೆಗೆಯುವುದಿಲ್ಲ ಎಂದು ನಾನು ಕಾಲೆಳೆದೆ.

ನಮ್ಮಲ್ಲಿ ಒಂದು ಪದ್ಧತಿ. ಪರದೆ ಕನ್ನಡಕ ಹಾಕಿ ನೋಡಿ ಬೇಡ ಎಂದವರು ಯಾಕೆ ಬೇಡ ಎನ್ನುವುದನ್ನು ಚೀಟಿಯಲ್ಲಿ ಬರೆದು ಬೀಗದ ಡಬ್ಬಿಗೆ ಹಾಕಬೇಕು. ವರ್ಷದ ಕೊನೆಗೆ ಡಬ್ಬಿ ತೆರೆದು ಎಲ್ಲವನ್ನೂ ಕಂಪನಿಗೆ ಕಳಿಸುತ್ತೇವೆ. ಭಾವ ಪ್ರತಿ ಸಲವೂ ನನಗೆ ‘ನೋಡೋಣ’ ಎಂದಷ್ಟೇ ಹೇಳಿ, ಚೀಟಿ ಮಡಿಚಿ ಹಾಕಿ ಹೋಗುವರು. ನಾಲ್ಕನೇ ಶನಿವಾರ ಕೌಂಟರಿನ ಖಾನೆಯಲ್ಲಿದ್ದ ಇನ್ನೊಂದು ಅಳತೆಯ ಸ್ಕೇಲನ್ನೂ ನನ್ನಿಂದ ಕೇಳಿ ಪಡೆದರು. ಸೋಮವಾರ ವಾಪಸು ತಂದಾಗ ಅದರ ಒಂದು ಮೂಲೆ ಮುರಿದಿತ್ತು. ಲಿಫ್ಟಿಗೆ ಕನ್ನಡಕ ಹಾಕಿಸಲು ಹೊರಟಿದ್ದಿರೋ ಎಂದು ಕೇಳಿದೆ. ಸ್ಕೇಲು ನನ್ನ ಕೈಗಿಟ್ಟು ಹೊರಟರು.

ಐದನೇ ಶನಿವಾರ ಕೊನೆಯ ಮಾದರಿಗೂ ಚೀಟಿ ಹಾಕಿ ಹೋದರು. ಅದಾಗಿ ಮೂರನೇ ದಿನ, ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವರು ಏಳಲಿಲ್ಲ. ಅಲ್ಲಿಯ ಲಿಫ್ಟನ್ನು ಅವರೇ ಬಿಚ್ಚಿಟ್ಟಿದ್ದರಂತೆ.

ಎರಡು ವಾರಕ್ಕೆ ಅಕ್ಕ ಕೆಲಸಕ್ಕೆ ಬಂದಳು. ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. ತಿಂಗಳು ಕಳೆದಂತೆ ಗಿರಾಕಿಗಳು ತಲೆನೋವೆಂದು, ಮೆಟ್ಟಿಲು ಎರಡೆರಡು ಕಾಣುತ್ತದೆಂದು ಹೊಸ ಕನ್ನಡಕ ಹಿಡಿದು ಬರತೊಡಗಿದರು. ಮೂವರ ಅಳತೆ ಬರೆದಿಟ್ಟ ಕಾರ್ಡು ತೆಗೆದು ನೋಡಿದೆ. ಮೂರರಲ್ಲೂ ಅಕ್ಕನ ಕೈಬರಹದಲ್ಲಿ ಅರವತ್ತೇಳು. ಒಬ್ಬಳಂತೂ ಶಾಲೆಗೆ ಹೋಗುವ ಹುಡುಗಿ, ಅವಳ ಮುಖವೇ ಅಷ್ಟಗಲವಿರಲಿಲ್ಲ. ಯಜಮಾನರು ಒಳ್ಳೆಯವರು, ಆದರೂ ಎಷ್ಟು ದಿನ ತಾಳಿಯಾರು? ಇನ್ನೊಂದು ತಪ್ಪಾದರೆ ಅಳತೆಯೂ ಬೇಡ, ಗಾಜೂ ಬೇಡ, ಮುಂದೆ ಕೂತು ಬಿಲ್ಲು ಬರೆಯಲಿ ಎಂದರು. ಇಪ್ಪತ್ತೆರಡು ವರ್ಷ ಸ್ಕೇಲು ಹಿಡಿದ ಕೈ ಅದು. ಆ ಕೆಲಸ ಹೋದರೆ ಅಕ್ಕನಲ್ಲಿ ಇನ್ನೇನು ಉಳಿಯುತ್ತದೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮಾತಾಡಿ ಬರೋಣವೆಂದು ರಜೆಯ ದಿನ ಮಧ್ಯಾಹ್ನ ಅವಳ ಮನೆಗೆ ಹೋದೆ. ಬಾಗಿಲು ಹಾಗೇ ತೆರೆದಿತ್ತು. ಅಕ್ಕ ಸೋಫಾದ ಬಲಮೂಲೆಯಲ್ಲಿ ಪರದೆ ಕನ್ನಡಕ ಹಾಕಿ, ಭಾವನ ಆಟದ ರಿಮೋಟು ಹಿಡಿದು, ಎಡಮೂಲೆಯತ್ತ ಮುಖ ತಿರುಗಿಸಿ ಕೂತಿದ್ದಳು. ಟೀವಿ ಆರಿತ್ತು. ಸದ್ದೆಂಬುದೇ ಇಲ್ಲ. ಯಜಮಾನರಿಗೆ ಹೇಳಿ ಅಂಗಡಿಯ ಮಾದರಿಗಳನ್ನು ಒಂದೊಂದಾಗಿ ಮನೆಗೆ ತರುತ್ತಿದ್ದಳಂತೆ. ಕನ್ನಡಕ ತೆಗೆದು ನನ್ನ ಮುಖಕ್ಕಿಟ್ಟಳು.

ಎಲ್ಲವೂ ಎರಡೆರಡಾಗಿ ಕಂಡಿತು. ಒಳಗಿನ ಗಾಜನ್ನು ಭಾವನ ಅಳತೆಗೆ ಕೂರಿಸಿದ್ದಳು. ಇದರಿಂದ ಕಣ್ಣು ಹಾಳಾಗುತ್ತದೆ, ತಲೆ ಸಿಡಿಯುತ್ತದೆ ಎಂದೆ. ಅವರ ಕಣ್ಣಿಗೆ ಸರಿಯಾಗಿರುತ್ತದೆ ಎಂದಳು. ನನ್ನ ತಲೆಯನ್ನು ಎಡಕ್ಕೆ ತಿರುಗಿಸಿ ಹಿಡಿದು, ತಾನೇ ಆಟದ ಕಾರು ಓಡಿಸಿದಳು; ಚಿತ್ರ ಕಾಣದಿದ್ದರೂ ದಾರಿ ಅವಳಿಗೆ ಬಾಯಿಪಾಠ. ರಸ್ತೆ, ಸೇತುವೆ, ಆಮೇಲೆ ಒಂದು ಸುರಂಗ. ಈ ಕನ್ನಡಕಗಳ ಗುಣವೇ ಹಾಗೆ. ಕಪ್ಪು ಬಣ್ಣ ತೋರಿಸಲು ಅವಕ್ಕೆ ಬರುವುದಿಲ್ಲ. ಚಿತ್ರ ಕಪ್ಪಾದಲ್ಲಿ ಹಿಂದಿನ ಕೋಣೆ ಕಾಣುತ್ತದೆ. ಕಾರು ಸುರಂಗ ಹೊಕ್ಕಿತು, ಆ ಕತ್ತಲೊಳಗಿಂದ ಸೋಫಾದ ಎಡಮೂಲೆ ಎದ್ದು ಬಂತು. ಕುಳಿಬಿದ್ದ ಮೆತ್ತೆ, ತಲೆ ಒರಗಿದಲ್ಲಿ ಗ್ರೀಸಿನ ಕಲೆ. ಈಗಷ್ಟೇ ಯಾರೋ ಎದ್ದು ಹೋದ ಹಾಗಿತ್ತು. ಕನ್ನಡಕ ಕಿತ್ತುಬಿಟ್ಟೆ.

“ನನ್ನಿಂದ ದೂರ ಕೂರೋಕೇ ಇದನ್ನ ಹುಡುಕ್ತಿದ್ರು ಕಣೇ,” ಎಂದಳು ಅಕ್ಕ. “ನಾನೇ ಕಳಿಸಿದ್ದು. ಐದರಲ್ಲಿ ಯಾವುದು ಅವರ ಮನಸ್ಸಿಗೆ ಬಂದಿತ್ತು ಅಂತ ಗೊತ್ತಾದ್ರೆ ಸಾಕು.”

ಕೆಲಸದ ವಿಷಯ ಎತ್ತಲು ಬಂದವಳು ಕನ್ನಡಕವನ್ನು ಅವಳ ಕೈಗಿಟ್ಟೆ. ಅವಳು ಮತ್ತೆ ಕನ್ನಡಕ ಹಾಕಿಕೊಂಡು ಸುರಂಗಕ್ಕೆ ಹೋದಳು.

ವರ್ಷದ ಕೊನೆ ಬಂತು. ಕೌಂಟರಿನ ಮೇಲೆ ಡಬ್ಬಿ ಸುರಿದು ಚೀಟಿಗಳನ್ನು ಮಾದರಿವಾರು ವಿಂಗಡಿಸುತ್ತ ಕೂತೆ. ಮೂಗು ನೋಯುತ್ತದೆ, ಬೆಲೆ ಜಾಸ್ತಿ, ಹೆಂಡತಿ ನಗುತ್ತಾಳೆ. ಹೀಗೆ ಓದುತ್ತ ಹೋದಾಗ ಗ್ರೀಸಿನ ಬೆರಳಚ್ಚಿದ್ದ ಚೀಟಿ ಸಿಕ್ಕಿತು. ಭಾವನ ಕೈಬರಹ. ಒಟ್ಟು ಐದು ಸಿಕ್ಕವು. ತಾರೀಖಿನ ಪ್ರಕಾರ ಜೋಡಿಸಿಕೊಂಡೆ.

‘ಪಕ್ಕದಲ್ಲಿ ಕೂತವರಿಗೆ ಕಾಣಲ್ಲ.’

‘ಇದರಲ್ಲೂ ಕಾಣಲ್ಲ.’

‘ಚಿತ್ರ ಚೆನ್ನಾಗಿದೆ. ಒಬ್ಬನೇ ನೋಡಿ ಏನು ಮಾಡಲಿ?’

‘ಇದಕ್ಕೂ ಒಂದೇ ವೈರು. ಮುಂದಿನ ಮಾದರಿಯಲ್ಲಿ ಒಂದೇ ಪೆಟ್ಟಿಗೆಗೆ ಎರಡು ಜೋಡಿ ಹಾಕಬಹುದಂತೆ, ಅವಳ ಅಳತೆ ಬೇಕಂತೆ.’

‘ಎರಡು ಜೋಡಿ ಆಗುತ್ತೆ. ಆದರೆ ಅರವತ್ತರ ಕೆಳಗೆ ಇಲ್ಲ. ನಮ್ಮನೆಯವಳದು ಐವತ್ತೆಂಟು. ಚಿಕ್ಕದು ಬಂದರೆ ತಿಳಿಸಿ.’

ಚೀಟಿಗಳನ್ನು ಹಿಡಿದು ಹಿಂದಿನ ಕೋಣೆಗೆ ಓಡಿದೆ. ಅಕ್ಕ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು ಒಂದೊಂದನ್ನೇ ಓದಿದಳು. ಕೊನೆಯದನ್ನು ಎರಡು ಸಲ ಓದಿದಳು.

“ಐವತ್ತೆಂಟಲ್ಲ,” ಎಂದಳು. “ಐವತ್ತೆಂಟೂವರೆ.”

ಸತ್ತ ಗಂಡನ ಲೆಕ್ಕವನ್ನೂ ಅಕ್ಕ ತಿದ್ದುತ್ತಾಳಲ್ಲ ಎಂದು ನನಗೆ ನಗು ಬಂತು, ಜತೆಗೇ ಅಳುವೂ ಬಂತು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಯಾವಾಗ ಅಳೆದರು ಎಂದು ಕೇಳಿದಳು. ನೇರ ಎದುರಿಗಿದ್ದು ಕಣ್ಣಲ್ಲಿ ಕಣ್ಣಿಡದೆ ಆ ಸಂಖ್ಯೆ ಸಿಗುವುದಿಲ್ಲ, ಹಾಗೆ ಅವರು ತನ್ನನ್ನು ನೋಡಿದ್ದು ತನಗೇ ತಿಳಿಯದೆ ಹೋಯಿತೇ ಎಂದಳು. ನನಗೆ ಭಾವ ಕೇಳಿ ಒಯ್ದ ಸ್ಕೇಲು ನೆನಪಾಯಿತು. ಕೌಂಟರಿನ ಖಾನೆಯಿಂದ ಅದನ್ನು ತಂದು ಅವಳ ಮುಂದಿಟ್ಟೆ.

ಮುರಿದ ಮೂಲೆಯ ಮೇಲೆ ಅವಳ ಬೆರಳು ನಿಂತಿತು.

“ಅವತ್ತು ಆಟದ ಗಲಾಟೆಗೆ ಬೈತಾ ನಿಂತಿದ್ದೆ,” ಎಂದಳು ಮೆಲ್ಲಗೆ. “ನನ್ನ ಮುಖದ ಮುಂದೆ ಇದನ್ನ ಹಿಡಿದು, ಒಂದು ಕಣ್ಣು ಮುಚ್ಕೊಂಡು ನೋಡಿದ್ರು. ಅಣಕಿಸ್ತಿದಾರೆ ಅಂದ್ಕೊಂಡೆ. ಇಳಿಸಿ, ಮತ್ತೆ ಎತ್ತಿದ್ರು. ಕಿತ್ಕೊಂಡು ಗೋಡೆಗೆ ಎಸೆದೆ.”

ಸ್ಕೇಲನ್ನು ಯಂತ್ರದ ಪಕ್ಕ ಇಟ್ಟು, “ಎರಡನೇ ಸಲ ಅಳೆಯೋಕೆ ಬಿಡಲಿಲ್ಲ ನಾನು,” ಎಂದಳು.

ಆ ಮೇಲೆ ಅವಳು ಅರವತ್ತೇಳು ಎಂದು ಯಾರ ಕಾರ್ಡಿನಲ್ಲೂ ತಪ್ಪಾಗಿ ಬರೆದಿಲ್ಲ. ಕೆಲಸ ಉಳಿಯಿತು. ಯಜಮಾನರು ಹೊಸ ಸ್ಕೇಲು ಕೊಟ್ಟರೂ ಮುರಿದದ್ದರಲ್ಲೇ ಅಳೆಯುತ್ತಾಳೆ. ಎರಡು ಸಲ ಅಳೆದು, ಸಂಖ್ಯೆ ಬರೆದ ಮೇಲೆ, ಸ್ಕೇಲನ್ನು ಇನ್ನೊಮ್ಮೆ ಎತ್ತಿ ಗಿರಾಕಿಯ ಮುಖದೆದುರು ಸುಮ್ಮನೆ ಹಿಡಿದಿರುತ್ತಾಳೆ. ಮುಗಿಯಿತೇ ಎಂದು ಅವರು ಕೇಳುತ್ತಾರೆ. ಇನ್ನೊಂದು ಕ್ಷಣ ಅಲ್ಲಾಡಬೇಡಿ ಎನ್ನುತ್ತಾಳೆ.