ದೀಪ ಹಚ್ಚಿದ ಮೇಲೆ ಕೊಡದ ಹೆಪ್ಪು

ಗ್ಲಾಸ್ಗೋದ ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲಾಗುತ್ತದೆ. ಬಂದ ಹೊಸತರಲ್ಲಿ ಗಡಿಯಾರ ಕೆಟ್ಟಿದೆಯೆಂದು ರಿಪೇರಿಗೆ ಕೊಟ್ಟು ನಗೆಪಾಟಲಾದೆ. ನಮ್ಮೂರು ಹೊರ್ತಿಯಲ್ಲಿ ಆ ಹೊತ್ತಿಗೆ ದನಗಳಿನ್ನೂ ಹೊಲದಲ್ಲೇ ಇರುತ್ತವೆ.

ಇಲ್ಲಿ ಹಾಲಿನ ಲ್ಯಾಬೊಂದರಲ್ಲಿ ನನ್ನ ಕೆಲಸ ಗಣಿತದ್ದು. ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾ, ಅವುಗಳೊಳಗೆ ಹೊಕ್ಕು ಕೊಲ್ಲುವ ವೈರಸ್ಸು, ಇವುಗಳಲ್ಲಿ ಯಾರು ಉಳಿಯುತ್ತಾರೆಂದು ಸಮೀಕರಣ ಬರೆಯುವುದು. ಎಲ್ಲ ಒಂದೇ ಪಾತ್ರೆಯಲ್ಲಿದ್ದರೆ ಬ್ಯಾಕ್ಟೀರಿಯಾ ಪೂರ್ತಿ ಅಳಿಯಬಹುದು. ಚೂರು ಬೇರೆಡೆ ಇದ್ದರೆ ವಂಶ ಉಳಿಯುತ್ತದೆ. ಇಷ್ಟನ್ನು ಕಾಗದದ ಮೇಲೆ ತೋರಿಸಲು ಎರಡು ವರ್ಷ ಹಿಡಿಯಿತು.

ಊರಿಂದ ಬರುವಾಗ ಅವ್ವ ಮೊಸರಲ್ಲಿ ಅದ್ದಿ ಒಣಗಿಸಿದ ಅರಿವೆಯ ತುಂಡು ಕೊಟ್ಟಿದ್ದಳು. ಅದನ್ನೇ ಹಾಲಿಗೆ ಹಾಕಿ ಹೆಪ್ಪು ಉಳಿಸಿಕೊಂಡೆ. ಎಪ್ಪತ್ತೆರಡರ ಬರದಲ್ಲಿ ನಮ್ಮ ಮನೆಯವರೂ ಓಣಿಯವರೆಲ್ಲರೂ ದನ ಮಾರಿದರು, ಮೊಸರಿನ ಗಡಿಗೆಗಳು ಒಣಗಿದವು. ಮರುವರ್ಷ ಅವ್ವನೂ ಹೋದಳು. ಅವಳ ಹೆಪ್ಪು ಉಳಿದದ್ದು ನನ್ನ ಅಡುಗೆಮನೆಯಲ್ಲಿ ಮಾತ್ರ.

ನಾನಿರುವುದು 'ಕ್ಲೋಸ್'ನಲ್ಲಿ, ಅಂದರೆ ಎಂಟು ಮನೆಗಳಿಗೆ ಒಂದೇ ಮೆಟ್ಟಿಲಿನ ಕಟ್ಟಡದಲ್ಲಿ. ಎದುರು ಮನೆಯ ಎಲೆನಿ ಸೈಪ್ರಸ್ಸಿನ ಯುದ್ಧದಲ್ಲಿ ಮನೆಮಾರು ಬಿಟ್ಟು ಬಂದವಳು. ಒಮ್ಮೆ ನಮ್ಮಲ್ಲಿ ಉಂಡು ಹೋಗಿದ್ದವಳು ಒಂದು ಸಂಜೆ ಬಟ್ಟಲು ಹಿಡಿದು ಬಂದಳು.

"ನಿನ್ನ ಮೊಸರು ನಮ್ಮಮ್ಮನದರ ಹಾಗೇ ಇದೆ. ಒಂದು ಚಮಚ ಹೆಪ್ಪು ಕೊಡ್ತೀಯಾ?"

"ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬ್ಯಾಡ, ಲಕ್ಷ್ಮಿ ಹೊಂಟ ಹೋಗ್ತಾಳ" ಎನ್ನುತ್ತಿದ್ದಳು ಅವ್ವ. ನಾಳೆ ಬಾ ಎಂದೆ. ದಿನವೂ ನಾನು ಮನೆ ಮುಟ್ಟುವಾಗ ಕತ್ತಲೆ. ರಜೆಯ ದಿನ ಅವಳಿಗೆ ಹೋಟೆಲಿನ ಕೆಲಸ. ಮೂರು ಸಲ ಕೇಳಿ ಸುಮ್ಮನಾದಳು.

ಫೆಬ್ರವರಿಯಲ್ಲಿ ಹಾಲು ಹೆಪ್ಪಾಗಲಿಲ್ಲ. ಮೂರು ದಿನವೂ ನೀರು ನೀರು. ಲ್ಯಾಬಿನಲ್ಲಿ ಪರೀಕ್ಷಿಸಿದರೆ ವೈರಸ್ಸು! ಬಹುಶಃ ನನ್ನ ಸ್ವೆಟರಿಗೆ ಅಂಟಿಕೊಂಡೇ ಮನೆಗೆ ಬಂದಿತ್ತು. ಒಂದು ಚಮಚ ಎದುರು ಮನೆಯಲ್ಲಿದ್ದರೆ ಸಾಕಿತ್ತು. ಎರಡು ವರ್ಷ ಅದನ್ನೇ ಬರೆದ ಹೆಡ್ಡಿ ನಾನು. ಅವ್ವನ ಸಾವಿನ ಕಾಗದ ಬಂದಾಗ ಅಳದವಳು ಅಂದು ಗಡಿಗೆ ತೊಳೆಯುತ್ತ ಬಿಕ್ಕಿ ಬಿಕ್ಕಿ ಅತ್ತೆ.

ಮಾರ್ಚಿನಲ್ಲಿ ಊರಿಗೆ ಹೊರಟಾಗ ಅಣ್ಣನ ಹೆಂಡತಿ, ನಮ್ಮ ವೈನಿಯ ಕಾಗದ ಬಂತು. "ಮತ್ತ ಆಕಳ ಕಟ್ಟೇವಿ. ಅವ್ವನ ಹೆಪ್ಪು ನಿನ್ನ ಹಂತ್ಯಾಕ ಐತೆಲ್ಲ, ಮರೀದ ತಗೊಂಡ ಬಾ."

ನಿಜ ಬರೆಯುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಎಲೆನಿ ಲಂಡನ್ನಿನ ಅಕ್ಕನಿಂದ ಹೆಪ್ಪು ತರಿಸಿಕೊಂಡಿದ್ದಳು. ನಾಚಿಕೆ ಬಿಟ್ಟು ಕೇಳಿದೆ. ಹೊರಗೆ ಕತ್ತಲಾಗಿತ್ತು, ಅವಳು ಬಟ್ಟಲು ತುಂಬ ಕೊಟ್ಟಳು.

ಅವ್ವನಂತೆ ಅರಿವೆಯಲ್ಲಿ ಒಣಗಿಸಿ ಒಯ್ದೆ, ಹೊರ್ತಿಯಲ್ಲಿ ಅದೇ ಮೊಸರಾಯಿತು. ಓಣಿಯವರೂ ಹೆಪ್ಪು ಒಯ್ದರು. ರೊಟ್ಟಿ ಮುರಿದು ಬಾಯಿಗಿಟ್ಟ ಅಣ್ಣನ ಕಣ್ಣು ತುಂಬಿದವು.

"ಅವ್ವನ ಕೈರುಚಿನ ಐತಿ ನೋಡ ತಂಗಿ."

"ಹೌದಣ್ಣಾ" ಎಂದೆ. ನನಗಾಗ ನೆನಪಾಗುತ್ತಿದ್ದದ್ದು ಎಲೆನಿ.