ಹಿಮದ ನಾಡಿನ ಎಲೆಕಲ್ಲು

ಪುಟ್ಟಿ, ಗುಂಡ, ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ನನ್ನ ಮಗಳು, ನಿಮ್ಮ ಅಮ್ಮ, ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದದ್ದು ನಿಮಗೆ ಗೊತ್ತು. ಅಲ್ಲಿಂದ ತಂದ ಒಂದು ಕಲ್ಲು ಚಿಕ್ಕಜಾಜೂರಿನ ನಮ್ಮ ಮನೆಯಲ್ಲಿ ಒಂದು ದಿನ ತಂಗಿದ್ದು ಗೊತ್ತಿಲ್ಲ. ನೀವು ಆಗ ಬೆಂಗಳೂರಿನಲ್ಲಿ ಅಪ್ಪನ ಜೊತೆ ಇದ್ದಿರಿ. ಎದುರಿಗೆ ಕೂತು ಹೇಳೋಣವೆಂದರೆ ನನಗೆ ಮಾತು ಬರುವುದಿಲ್ಲ, ನಾಲ್ಕು ಜನ ಇದ್ದರಂತೂ ಬಾಯೇ ಕಟ್ಟುತ್ತದೆ. ಬರೆಯುವುದು ನನಗೆ ಸುಲಭ.

ಆ ಸಲ ಹಡಗಿನಲ್ಲಿ ಬಂದ ಕಲ್ಲುಗಳೆಲ್ಲ ಗೋವಾದಲ್ಲಿ ಇಳಿದವು. ನಿಮ್ಮ ಅಮ್ಮ ಪೆಟ್ಟಿಗೆಗಳನ್ನು ಲಾರಿಗೆ ಹಾಕಿಸಿ, ಒಂದೇ ಒಂದು ಕಲ್ಲನ್ನು ಮಾತ್ರ ಲಾರಿಯವರ ಕೈಗೆ ಕೊಡದೆ ತಾನೇ ಹಿಡಿದುಕೊಂಡು ರೈಲು ಹತ್ತಿದಳು. ಬೆಂಗಳೂರಿನ ದಾರಿಯಲ್ಲೇ ನಮ್ಮ ಜಂಕ್ಷನ್ ಸಿಗುತ್ತದಲ್ಲ, ಒಂದು ದಿನ ಇದ್ದು ಹೋಗುತ್ತೇನೆಂದು ಇಳಿದಳು. ನಿಮ್ಮ ಅಜ್ಜ ರೈಲ್ವೆಯಲ್ಲಿ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್ ಆಗಿದ್ದವರು. ಅವರು ತೀರಿಕೊಂಡ ಮೇಲೂ ನಾವು ಸ್ಟೇಷನ್ ಹಿಂದಿನ ಬೀದಿ ಬಿಟ್ಟು ಹೋಗಲಿಲ್ಲ. ನಾವು ಎಂದರೆ ನಾನು, ಮತ್ತೆ ಅಜ್ಜನ ಅಕ್ಕ, ನೀವು ದೊಡ್ಡಜ್ಜಿ ಎನ್ನುವವರು.

ಸಂಜೆ ಟೀ ಕುಡಿದು ಅವಳು ಪ್ಲಾಸ್ಟಿಕ್ ಚೀಲ ಬಿಚ್ಚಿ ಕಲ್ಲನ್ನು ಮೇಜಿನ ಮೇಲಿಟ್ಟಳು. ಅಂಗೈಗಿಂತ ಸ್ವಲ್ಪ ದೊಡ್ಡದು, ಬೂದಿ ಬಣ್ಣ. ದೊಡ್ಡಜ್ಜಿ ಕನ್ನಡಕ ಏರಿಸಿದರು.

"ಇದೇನೇ, ಲೋಕದ ತುದಿಗೆ ಹೋಗಿ ಈ ತುಂಡು ತಂದಿದೀಯಾ? ಜೋಗಿಮಟ್ಟಿ ಗುಡ್ಡಕ್ಕೆ ಹೋಗಿದ್ರೆ ಲಾರಿ ತುಂಬಾ ತರಬೋದಿತ್ತಲ್ಲೇ."

"ಜೋಗಿಮಟ್ಟಿ ಕಲ್ಲಾಗೆ ಇದು ಸಿಗಲ್ಲ ಅತ್ತೆ. ಆ ಕಲ್ಲು ಆದಾಗ ಭೂಮಿ ಮ್ಯಾಲೆ ಎಲೆ ಅನ್ನೋದೇ ಹುಟ್ಟಿರ್ಲಿಲ್ಲ. ನೋಡ್ರಿ ಇಲ್ಲಿ."

ಕಲ್ಲನ್ನು ಬೆಳಕಿಗೆ ಓರೆ ಮಾಡಿದಳು. ನಾಲಗೆಯ ಆಕಾರದ ಒಂದು ಎಲೆ, ನಡುವೆ ದಪ್ಪ ನರ, ಅದರ ಎರಡೂ ಕಡೆ ಬಲೆ ಹೆಣೆದ ಹಾಗೆ ಸಣ್ಣ ನರಗಳು. ಯಾರೋ ಸೂಜಿಯಲ್ಲಿ ಗೀರಿದಷ್ಟು ಸ್ಪಷ್ಟ.

"ಹಿಮದಾಗೆ ಮರ ಎಲ್ಲಿಂದ ಬಂತು?"

"ಆವಾಗ ಅಲ್ಲಿ ಕಾಡಿತ್ತು. ನಮ್ಮ ದೇಶದ ನೆಲನೂ ಅದಕ್ಕೇ ಅಂಟ್ಕಂಡಿತ್ತು. ಇದೇ ಜಾತಿ ಎಲೆ ನಮ್ಮ ಕಲ್ಲಿದ್ದಲು ಗಣಿಗಳಾಗೂ ಅವೆ."

"ನಮ್ಮ ಬೀಗರ ಮನೆ ಎಲೆ ಅನ್ನು," ಎಂದರು ದೊಡ್ಡಜ್ಜಿ.

ನನಗೆ ಕೇಳಬೇಕೆಂದಿದ್ದು ಬೇರೆ. ಕಲ್ಲುಗಳ ವಯಸ್ಸು ಕಂಡುಹಿಡಿಯುವುದೇ ಅವಳ ಕೆಲಸವಲ್ಲ. ಅವಳು ರೊಟ್ಟಿ ತಟ್ಟಲು ಒಲೆಯ ಹತ್ತಿರ ಬಂದಾಗ ಕೇಳಿದೆ: ಎಲೆ ನೋಡಿ ಕಲ್ಲಿನ ವಯಸ್ಸು ಹೇಗೆ ಹೇಳುತ್ತೀ?

ಅವಳು ಬೇಸರಪಡದೆ ಹೇಳಿದಳು. ಕೆರೆ ಬತ್ತಿದಾಗ ಗೋಡುಮಣ್ಣು ತೆಗೆಯುತ್ತಾರಲ್ಲ, ಆಗ ಪದರ ಪದರವಾಗಿ ಕಾಣುತ್ತದೆ. ಕೆಳಗಿನದು ಹಳೆಯ ಮಳೆಯದು, ಮೇಲಿನದು ಈಚಿನದು. ಈ ಕಲ್ಲೂ ಹಾಗೆ ಹಳೆಯ ಹೊಳೆಯೊಂದರ ಕೆಸರು ಕೂತು ಗಟ್ಟಿಯಾದದ್ದು. ಯಾವ ಗಿಡ ಯಾವ ಕಾಲದಲ್ಲಿ ಇತ್ತು, ಯಾವಾಗ ಅಳಿಯಿತು ಎಂಬುದನ್ನು ಬೇರೆ ಬೇರೆ ದೇಶದವರು ಸೇರಿ ಗೊತ್ತುಮಾಡಿಕೊಂಡಿದ್ದಾರೆ. ಹಾಗಾಗಿ ಎಲೆ ಸಿಕ್ಕಿದರೆ ಪದರದ ಕಾಲ ಸಿಕ್ಕಂತೆ. ಆದರೆ ಈ ಎಲೆಯ ಮರಗಳು ಕೋಟಿಗಟ್ಟಲೆ ವರ್ಷ ಬದುಕಿದ್ದವು. ಎಲೆಯೊಂದೇ ಇದ್ದರೆ ಅಂದಾಜು ತುಂಬಾ ಅಗಲ. ಕಲ್ಲಿನ ಒಳಗೆ ಆ ಕಾಲದ ಪರಾಗದ ಧೂಳು ಇರುತ್ತದೆ. ಹೂ ಬಿಡದ ಮರಗಳೂ ಪರಾಗ ಉದುರಿಸುತ್ತವಂತೆ. ಅದರ ಜಾತಿಗಳು ಬೇಗ ಬೇಗ ಬದಲಾದದ್ದರಿಂದ ಕಾಲವನ್ನು ಇನ್ನೂ ಹತ್ತಿರಕ್ಕೆ ತರಬಹುದು.

"ಉಳಿದ ಕಲ್ಲೆಲ್ಲ ಸುಟ್ಟೋಗವೆ ಅವ್ವ," ಎಂದಳು. "ಆ ಪದರದ ಪಕ್ಕ ಭೂಮಿ ಒಳಗಿಂದ ಕರಗಿದ ಕಲ್ಲು ನುಗ್ಗೈತೆ. ಅದರ ಕಾವಿಗೆ ಪರಾಗ ಕರಕಲಾಗಿ ಗುರ್ತೇ ಸಿಗಲ್ಲ. ಆ ಕಾವು ತಾಗದಷ್ಟು ದೂರದಾಗೆ ಸಿಕ್ಕಿದ್ದು ಇದೊಂದೇ. ಇನ್ನೊಂದ್ಸಲ ನನ್ನ ಕಳಿಸ್ತಾರೆ ಅನ್ನೋ ನಂಬಿಕೆ ಇಲ್ಲ."

ಮಾರನೆಯ ದಿನ ಸೋಮವಾರ. ಅವಳು ಟಿಕೆಟ್ ವಿಚಾರಿಸಲು ಸ್ಟೇಷನ್ನಿಗೆ ಹೋದಳು. ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ನಮ್ಮ ಮನೆಯಲ್ಲಿ ಹೊಸದಾಗಿ ಏನೇ ಬರಲಿ, ವಿಭೂತಿ ಹಚ್ಚಿ ಹೂವಿಟ್ಟ ಮೇಲೇ ಕೆಲಸಕ್ಕೆ ಹಚ್ಚುವುದು. ಸೈಕಲ್ಲಿಗೂ ಹಾಗೇ, ಮಿಕ್ಸಿಗೂ ಹಾಗೇ. ನನ್ನ ಮೊಬೈಲಿನ ಬೆನ್ನ ಮೇಲೆ ವಿಭೂತಿಯ ಕಲೆ ಇನ್ನೂ ಇದೆ. ದೊಡ್ಡಜ್ಜಿ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಮೇಜಿನ ಹತ್ತಿರ ಹೋಗಿ ಚೀಲ ಬಿಚ್ಚಿದ್ದಾರೆ. ಕಲ್ಲಿಗೆ ನೀರು ಚಿಮುಕಿಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಹಿರಿಯೂರು ಕಡೆಯಿಂದ ಬಂದ ಹಳದಿ ಸೇವಂತಿಗೆಯೊಂದನ್ನು ಕಲ್ಲಿನ ಬಿರುಕಿಗೆ ಸಿಕ್ಕಿಸಿದ್ದಾರೆ.

ನಿಮ್ಮ ಅಮ್ಮ ಬಂದು ನೋಡಿದವಳು ಬಾಗಿಲಲ್ಲೇ ನಿಂತಳು.

"ಯಾರು ಮುಟ್ಟಿದ್ದು ಇದನ್ನ?"

"ನಾನೇ ಕಣೇ. ಅಷ್ಟು ದೂರ ಸಮುದ್ರ ದಾಟಿ ಬಂದೈತೆ, ಬರೀ ಹಣೇಲಿ ಕಳಿಸಾಕಾಗ್ತದಾ?"

"ಅತ್ತೆ, ಆ ಹೂವಿನಾಗೆ ಪರಾಗ ಐತೆ! ನೀರು ಅದನ್ನ ಬಿರುಕಿನೊಳಗೆ ಎಳ್ಕಂಡೋಗ್ತದೆ. ನಾನು ಒಳಗೆ ಹುಡುಕ್ಬೇಕಾಗಿರೋದೇ ಪರಾಗ!"

"ಅಷ್ಟೇ ತಾನೇ, ತಾ ಇಲ್ಲಿ, ತಿಕ್ಕಿ ತೊಳ್ದು ಕೊಡ್ತೀನಿ."

"ಬ್ಯಾಡ! ಮುಟ್ಬ್ಯಾಡ್ರಿ!"

ಅವಳು ಹಾಗೆ ಕೂಗಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ದೊಡ್ಡಜ್ಜಿ ಕೈ ಸೆರಗಿಗೆ ಒರೆಸಿಕೊಂಡು ಗೋಡೆಗೆ ಒರಗಿ ಕೂತರು. ನಾನು ಉಪ್ಪಿಟ್ಟು ಬಡಿಸಿದೆ. ಯಾರೂ ಮುಟ್ಟಲಿಲ್ಲ.

ಅವಳು ಬಹಳ ಹೊತ್ತು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ ಲೆಕ್ಕ ಹಾಕಿದಳು. ಸೇವಂತಿಗೆಯ ಪರಾಗದ ಗುರುತು ಹಿಡಿಯುವುದು ಕಷ್ಟವಲ್ಲ, ಆ ಕಾಲದಲ್ಲಿ ಭೂಮಿಯ ಮೇಲೆ ಹೂವೇ ಇರಲಿಲ್ಲ. ಆದರೆ ಹೂವಿನ ಜೊತೆ, ನೀರಿನ ಜೊತೆ ಇನ್ನೇನು ಒಳಗೆ ಹೋಗಿದೆಯೋ ಹೇಳಲಾಗದು. ಬಿರುಕಿರುವ ಅರ್ಧವನ್ನು ನಂಬುವ ಹಾಗಿಲ್ಲ. ಬಿರುಕಿಲ್ಲದ ಗಟ್ಟಿ ಭಾಗದ ಮೇಲ್ಮೈ ತೆಗೆದುಹಾಕಿ ಒಳಗಿನದನ್ನು ಪುಡಿ ಮಾಡಿದರೆ ಆದೀತು. ಎಲೆ ಇದ್ದದ್ದು ಆ ಭಾಗದಲ್ಲೇ.

"ಹಂಗಾದ್ರೆ ಎಲೆ?" ಎಂದೆ.

"ಹೋಗ್ತದೆ."

ಮಂಡಿಯೂರಿ, ಕೈಗವಸಿನೊಳಗೂ ಬೆರಳು ಮರಗಟ್ಟುವ ಚಳಿಯಲ್ಲಿ ತಾನೇ ಬಿಡಿಸಿ ತೆಗೆದ ಎಲೆ ಅದು. ಜೊತೆಯವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು ಎಂದಿದ್ದರಂತೆ.

"ಎಲೆ ಚೆಂದ ಐತೆ ಅವ್ವ," ಎಂದಳು. "ಆದ್ರೆ ಇಂಥ ಎಲೆ ಬೇರೆ ಕಡೆನೂ ಸಿಕ್ತಾವೆ. ಆ ಪದರದ ವಯಸ್ಸು ಇನ್ನೆಲ್ಲೂ ಸಿಗಲ್ಲ."

ಮೊಬೈಲಿನಲ್ಲಿ ಎಲ್ಲಾ ಕಡೆಯಿಂದ ಫೋಟೋ ತೆಗೆದಳು. ಬಿರುಕಿನಲ್ಲಿದ್ದ ಸೇವಂತಿಗೆಯನ್ನು ಚಿಮಟದಲ್ಲಿ ತೆಗೆದು ಒಂದು ಕಾಗದದಲ್ಲಿ, ವಿಭೂತಿಯ ಚೂರನ್ನು ಇನ್ನೊಂದರಲ್ಲಿ ಕಟ್ಟಿದಳು. ಹೊರಗಿನಿಂದ ಸೇರಿದ್ದು ಯಾವುದೆಂದು ಹೋಲಿಸಿ ನೋಡಲು ಬೇಕಂತೆ. ಅಷ್ಟರಲ್ಲಿ ದೊಡ್ಡಜ್ಜಿಗೆ ಬಾಯಿ ಬಂತು.

"ಹೂವಿಗೂ ಟಿಕೇಟು ತಗಸ್ತೀಯೇನೇ?"

ನಿಮ್ಮ ಅಮ್ಮ ನಗಲಿಲ್ಲ. ಹೋಗುವಾಗ ಮಾತ್ರ ಬಗ್ಗಿ ಅವರ ಕಾಲು ಮುಟ್ಟಿದಳು.

ಆಮೇಲೆ ಮಳೆ ಹಿಡಿಯುವವರೆಗೂ ದೊಡ್ಡಜ್ಜಿ ಆ ಕಲ್ಲಿನ ಮಾತೆತ್ತಲಿಲ್ಲ. ಫೋನು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಅವಳ ಕೆಲಸ ಕೆಟ್ಟರೆ ತನ್ನಿಂದಲೇ ಕೆಟ್ಟದ್ದು ಎಂದು ಅವರಿಗೆ ನಿಶ್ಚಯವಾಗಿತ್ತು. ಊಟವೂ ಅಷ್ಟಕ್ಕಷ್ಟೆ.

ಒಂದು ಮಧ್ಯಾಹ್ನ ಅವಳು ಫೋನು ಮಾಡಿ, "ಅತ್ತೇನ ಕರೀ, ಸ್ಪೀಕರ್ ಹಾಕು" ಎಂದಳು. ಕಲ್ಲನ್ನು ಕೊಯ್ದು, ಆಮ್ಲದಲ್ಲಿ ಕರಗಿಸಿ, ಉಳಿದ ಧೂಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಳು. ಬಿರುಕಿನ ಕಡೆಯದರಲ್ಲಿ ಸೇವಂತಿಗೆಯ ಪರಾಗ ಸಿಕ್ಕಿತ್ತು, ಔಡಲಕಾಯಿಯ ಹಾಗೆ ದುಂಡಗೆ, ಮೈತುಂಬಾ ಮುಳ್ಳು. ಗಟ್ಟಿ ಭಾಗದ ಒಳಗಿನದರಲ್ಲಿ ಅದು ಒಂದೂ ಇರಲಿಲ್ಲ. ಅಲ್ಲಿದ್ದವು ಆ ಹಳೆಯ ಕಾಲದ ಪರಾಗಗಳೇ, ಎರಡು ಪಕ್ಕದಲ್ಲೂ ಗಾಳಿಚೀಲ ಇರುವಂಥವು. ಆ ಪದರ ಆ ಎಲೆಯ ಜಾತಿಯ ಮರಗಳು ಅಳಿಯುವುದಕ್ಕೆ ಸ್ವಲ್ಪ ಮುಂಚಿನದು ಎಂದು ತೀರ್ಮಾನವಾಯಿತು. ಇನ್ನೂ ಬಹಳ ಹಳೆಯದಿರಬಹುದು ಎಂದು ಮೊದಲು ಎಣಿಸಿದ್ದರಂತೆ.

"ಹಂಗಾದ್ರೆ ಕೆಟ್ಟಿಲ್ಲ ತಾನೇ?" ಎಂದರು ದೊಡ್ಡಜ್ಜಿ.

"ಕೆಟ್ಟಿಲ್ಲ ಅತ್ತೆ. ಆದ್ರೆ ಒಂದು ಕಡೆ ಹೊರಗಿನ ಪರಾಗ ಸೇರಿತ್ತು ಅಂತ ಬರೀಲೇಬೇಕು."

"ಬರಿಯವ್ವ. ನನ್ನ ಹೆಸರೊಂದು ಹಾಕ್ಬ್ಯಾಡ."

ಆವತ್ತು ಅವರು ಹೊಟ್ಟೆ ತುಂಬಾ ಉಂಡರು.

ನಿಮ್ಮ ಅಮ್ಮ ಬರೆದದ್ದು ಅಚ್ಚಾಗಿ ಬಂದಿದೆ. ಇಂಗ್ಲಿಷಿನಲ್ಲಿದೆ, ನನಗೆ ಓದಲು ಬರುವುದಿಲ್ಲ. ಸೇವಂತಿಗೆಯ ವಿಷಯ ಇರುವ ಸಾಲನ್ನು ಅವಳೇ ಬೆರಳಿಟ್ಟು ತೋರಿಸಿದಳು, ಒಂದೇ ಸಾಲು. ಆ ಎಲೆ ಈಗ ಎಲ್ಲೂ ಇಲ್ಲ, ಫೋಟೋದಲ್ಲಿ ಮಾತ್ರ. ಅದನ್ನು ಬಿಟ್ಟುಕೊಡುವಾಗ ಅವಳಿಗೆ ಎಷ್ಟು ಕಷ್ಟವಾಯಿತೆಂದು ಅವಳು ನಿಮಗೆ ಹೇಳುವವಳಲ್ಲ. ಈ ಹಾಳೆಗಳನ್ನು ಆ ಅಚ್ಚಾದ ಪ್ರತಿಯ ಜೊತೆಯಲ್ಲೇ ಇಡಿ. ನೀರು ತಾಗದ ಕಡೆ, ಇಲಿ ಬಾರದ ಕಡೆ ನೋಡಿ ಜೋಪಾನ ಮಾಡಿ.